ಬುದಿಮಿರ್ ಮಾವನ ಬಾಡಿಗೆದಾರ

ಬುದಿಮಿರ್ ಮಾವನಿಗೆ ಮಾತು ಕೊಟ್ಟವಳು ನಾನಲ್ಲ, ಪ್ರೊಫೆಸರ್ ಝಾಗೋರ್ಕಾ. ಆಪರೇಷನ್ನಿನ ಹಿಂದಿನ ಸಂಜೆ ಅವರು ವಾರ್ಡಿನಲ್ಲಿ ಅವನ ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, ನಾಳೆ ಲಿವರಿನಿಂದ ತೆಗೆಯುವ ಗಡ್ಡೆಯಲ್ಲಿ ಒಂದು ಚೂರನ್ನು ನಮ್ಮ ಪ್ರಯೋಗಾಲಯಕ್ಕೆ ಕೊಡಬಹುದೇ ಎಂದು ಕೇಳಿದರು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಅವರ ಬೆನ್ನ ಹಿಂದೆ ನಿಂತಿದ್ದೆ. ಬುದಿಮಿರ್ ನನ್ನ ನೆಂಟನಲ್ಲ; ಮಾವ ಅನ್ನುವುದು ಆಮೇಲೆ ಬಂದ ಸಲಿಗೆ.

"ಚೂರ್ಯಾಕೆ, ಪೂರ್ತಿ ತಗೊಳ್ಳಿ," ಅಂದ ಮಾವ. "ನಾನೇನು ಅದನ್ನ ಉಪ್ಪು ಹಾಕಿ ಇಟ್ಕೋಬೇಕಾ? ಅದಿರ್ಲಿ, ತಗೊಂಡು ಏನ್ ಮಾಡ್ತೀರಿ?"

"ಸಾಕ್ತೀವಿ."

"ಸಾಕ್ತೀರಾ? ನನ್ನ ಕೊಲ್ಲೋಕೆ ಬಂದದ್ದನ್ನ?"

"ಸಾಕಿದ್ರೇನೇ ಅದರ ಬುದ್ಧಿ ಗೊತ್ತಾಗೋದು. ಅದರೊಳಗೆ ಯಾವ ಜೀನ್ ಅಪ್ಪಣೆ ಕೊಡ್ತಾ ಇದೆ, ಯಾವುದರ ಬಾಯಿ ಮುಚ್ಚಿಸಿದ್ರೆ ಅದು ಹಬ್ಬೋದು ನಿಲ್ಲುತ್ತೆ ಅಂತ ಒಂದೊಂದಾಗಿ ನೋಡ್ತೀವಿ."

ಮಾವ ಮೊಣಕೈಯೂರಿ ಮೇಲೆದ್ದ. "ಹಾಗಾದ್ರೆ ಒಂದು ಷರತ್ತು. ಬಾಯಿ ಮುಚ್ಚಿಸಿದ ದಿನ ನನ್ನ ಕರೀಬೇಕು. ನಾನು ಕಣ್ಣಾರೆ ನೋಡ್ಬೇಕು. ಬೇರೆ ಯಾರದ್ದೋ ಅಲ್ಲ, ನಂದೇ."

"ಮಾತು ಕೊಟ್ಟೆ," ಅಂದರು ಪ್ರೊಫೆಸರ್. ಹಸು ವ್ಯಾಪಾರ ಮುಗಿಸಿದವರ ಹಾಗೆ ಇಬ್ಬರೂ ಕೈ ಕುಲುಕಿದರು.

ಮಾವ ಬದುಕಿದ. ಗಡ್ಡೆಯೂ ಬದುಕಿತು. ಎಲ್ಲ ಗಡ್ಡೆಗಳೂ ಹಾಗೆ ಬದುಕುವುದಿಲ್ಲ. ತಟ್ಟೆಗೆ ಹಾಕಿದ ವಾರದಲ್ಲೇ ಬಹಳಷ್ಟು ಉದುರಿಹೋಗುತ್ತವೆ. ಮಾವನ ಜೀವಕೋಶಗಳು ಮಾತ್ರ ತಟ್ಟೆಯ ನೆಲಕ್ಕೆ ಅಂಟಿಕೊಂಡು, ಒಂದರ ಮೈಮೇಲೆ ಒಂದು ಬಿದ್ದು ಬೆಳೆದವು. ನಿಯಮದ ಪ್ರಕಾರ ಅವು ಯಾರವೆಂದು ನಮಗೆ ಗೊತ್ತಿರಬಾರದು, ಸೀಸೆಯ ಮೇಲೆ ಬರೀ ಒಂದು ಸಂಖ್ಯೆ ಇರಬೇಕು. ಆದರೆ ಮಾವನೇ ಆ ಶರತ್ಕಾಲದಲ್ಲಿ ಬುಟ್ಟಿ ತುಂಬ ದ್ರಾಕ್ಷಿ ಹೊತ್ತುಕೊಂಡು ನಿಶ್ ಪಟ್ಟಣಕ್ಕೆ ಬಂದು, ನಮ್ಮ ಬಾಗಿಲು ತಟ್ಟಿ, "ನನ್ನ ಬಾಡಿಗೆದಾರ ಹೇಗಿದ್ದಾನೆ? ಹೊತ್ತಿಗೆ ಸರಿಯಾಗಿ ಊಟ ಹಾಕ್ತಾ ಇದ್ದೀರಾ?" ಎಂದು ಕೇಳಿದ ಮೇಲೆ ಆ ನಿಯಮಕ್ಕೆ ಏನರ್ಥ? ಅವತ್ತಿನಿಂದ ಆ ಕೋಶಗಳಿಗೆ ನಮ್ಮಲ್ಲಿ ಬಾಡಿಗೆದಾರ ಎಂದೇ ಹೆಸರು.

ವರ್ಷಗಳು ಹೋದವು. ನನಗೆ ಮದುವೆಯಾಯಿತು, ಇಬ್ಬರು ಮಕ್ಕಳಾದರು. ಮಕ್ಕಳಿಗೂ ಕೋಶಗಳಿಗೂ ಭಾನುವಾರ ಎಂಬುದಿಲ್ಲ, ಎರಡಕ್ಕೂ ಹೊತ್ತಿಗೆ ಉಣಿಸಬೇಕು. ಇವಕ್ಕೆ ಉಣಿಸಿ ಅಲ್ಲಿಗೆ, ಅವಕ್ಕೆ ಉಣಿಸಿ ಇಲ್ಲಿಗೆ ಓಡುವುದರಲ್ಲೇ ನನಗೆ ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವುದು ಅಭ್ಯಾಸವಾಯಿತು. ಪ್ರೊಫೆಸರ್ ನಿವೃತ್ತರಾಗಿ ಸಮುದ್ರದ ದಂಡೆಯಲ್ಲಿರುವ ತಂಗಿಯ ಮನೆಗೆ ಹೋದರು. ಹೋಗುವಾಗ ಕೀಲಿಗೊಂಚಲು ನನ್ನ ಕೈಯಲ್ಲಿಟ್ಟು, "ಫ್ರಿಡ್ಜಿಂದು, ಕಾವುಪೆಟ್ಟಿಗೆದು, ಸಾರಜನಕದ ಕೋಣೆದು. ಇನ್ನು ಬುದಿಮಿರನಿಗೆ ಕೊಟ್ಟ ಮಾತು. ಅದಕ್ಕೆ ಕೀಲಿ ಇಲ್ಲ, ವಿದಾ, ಅದನ್ನ ನೀನೇ ನೋಡ್ಕೋ," ಅಂದರು.

ಪ್ರತಿ ನವೆಂಬರಿನಲ್ಲಿ, ದೇವದೂತ ಮಿಖಾಯಿಲನ ದಿನ, ನಾವು ಪ್ರಯೋಗಾಲಯದವರು ಮಾವನ ಮನೆಯ ಸ್ಲಾವಾಕ್ಕೆ ಹೋಗುತ್ತಿದ್ದೆವು. ಸ್ಲಾವಾಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಮನೆತನದ ಸಂತನ ದಿನ ಬಾಗಿಲು ತೆರೆದಿರುತ್ತದೆ, ನೆನಪಿದ್ದವರು ಹೋಗುತ್ತಾರೆ. ಬೇರೆ ಸಂತರ ಮನೆಗಳಲ್ಲಿ ಸತ್ತವರ ಹೆಸರಿಗೆ ಬೇಯಿಸಿದ ಗೋಧಿ ಇಡುತ್ತಾರೆ. ಮಾವನ ಮನೆಯಲ್ಲಿ ಇಡುವುದಿಲ್ಲ. "ನಮ್ಮ ಸಂತ ಸತ್ತವನಲ್ಲ, ದೇವದೂತ. ಅವನೂ ಬದುಕಿದ್ದಾನೆ, ನಾನೂ ಬದುಕಿದ್ದೀನಿ, ಗೋಧಿ ಯಾಕೆ?" ಎಂದು ಪ್ರತಿ ವರ್ಷವೂ ಹೇಳಿ, ತಾನೊಬ್ಬನೇ ನಗುತ್ತಿದ್ದ. ನಮಗೆಲ್ಲ ಹಣ್ಣಿನ ಮದ್ಯ ರಾಕಿಯಾ ಸುರಿದು, ಆಪರೇಷನ್ನಿನ ಮೇಲೆ ಕುಡಿತ ಬಿಟ್ಟಿದ್ದ ತಾನು ಖಾಲಿ ಲೋಟ ಮೂಸುತ್ತಿದ್ದ. ಮೇಣದಬತ್ತಿ ಹಚ್ಚಿ, ಕೊಲಾಚ್ ರೊಟ್ಟಿಯನ್ನು ಕೈಯಲ್ಲಿ ತಿರುಗಿಸಿ ಮುರಿಯುವಾಗ ಮನೆಯವರು ಮಾತ್ರ ಹಿಡಿಯುವುದು ವಾಡಿಕೆ. ಮಾವ ನಮ್ಮನ್ನೂ ಎಳೆಯುತ್ತಿದ್ದ. "ನನ್ನ ಮನೆಯವನೊಬ್ಬ ಇವರ ಮನೇಲಿದ್ದಾನೆ. ಇವರು ನೆಂಟರೇ."

ಒಂದು ವರ್ಷ ಊಟದ ನಡುವೆ ಪಕ್ಕದ ಮನೆಯವನೊಬ್ಬ, ಜೀನಿನ ಬಾಯಿ ಮುಚ್ಚಿಸುವುದೆಂದರೆ ಏನು ಎಂದು ಕೇಳಿದ. ನಾನು ಬಾಯಲ್ಲಿದ್ದ ಸರ್ಮಾ, ಮಾಂಸ ತುಂಬಿದ ಕೋಸಿನೆಲೆಯ ಸುರುಳಿ, ನುಂಗುವಷ್ಟರಲ್ಲಿ ಮಾವನೇ ಹೇಳತೊಡಗಿದ. "ನೋಡು, ಕೋಶದೊಳಗೆ ಯಜಮಾನ ಮಹಡಿ ಮೇಲೆ ಕೂತಿರ್ತಾನೆ. ಅದೇ ಜೀನು. ಹೀಗೆ ಮಾಡಿ, ಹಾಗೆ ಮಾಡಿ ಅಂತ ಚೀಟಿ ಬರೆದು ಅಡುಗೆಮನೆಗೆ ಕಳಿಸ್ತಾನೆ. ಇವರು ಯಜಮಾನನ ಗೊಡವೆಗೆ ಹೋಗಲ್ಲ. ಮೆಟ್ಟಿಲ ಮೇಲೆ ನಿಂತು, ಬಂದ ಚೀಟೀನೆಲ್ಲ ಹರಿದುಹಾಕ್ತಾರೆ. ಯಜಮಾನ ಬರೀತಾನೇ ಇರ್ತಾನೆ, ಅಡುಗೆಮನೇಲಿ ಯಾರಿಗೂ ಗೊತ್ತೇ ಆಗಲ್ಲ." ಆಮೇಲೆ ಹೆಂಡತಿಯ ಕಡೆ ತಿರುಗಿ, "ನಮ್ಮ ಮನೇಲೂ ಅದೇ ಪದ್ಧತಿ," ಅಂದ.

ದೆಸಾಂಕಾ ಅತ್ತೆ ತಲೆಯೆತ್ತಲಿಲ್ಲ. "ವಿದಾ, ಆ ಔಷಧ ಒಂದು ಸೀಸೆ ನನಗೂ ಕೊಡು ಮಗಾ. ಇವನ ಚಹಾಕ್ಕೆ ಹಾಕ್ತೀನಿ."

ನಮ್ಮಲ್ಲಿ ಹಿರಿಯರು ಹೆಣ್ಣುಮಕ್ಕಳನ್ನೂ ಮಗಾ ಎಂದೇ ಕರೆಯುವುದು. ಮಾವನೂ ನನ್ನನ್ನು ಹಾಗೇ ಕರೆಯುತ್ತಿದ್ದ.

ಹೋದ ವರ್ಷದ ಸ್ಲಾವಾದ ಹೊತ್ತಿಗೆ ನಮಗೆ ಬೇಕಾದ ಜೀನ್ ಸಿಕ್ಕಿದಂತಿತ್ತು. ಬಾಡಿಗೆದಾರ ಎಲ್ಲಿ ಜಾಗ ಸಿಕ್ಕರೂ ನುಗ್ಗಿ ಹಬ್ಬುವುದು ಆ ಜೀನಿನ ಅಪ್ಪಣೆಯಿಂದ ಎಂದು ನಮಗೆ ಬಲವಾದ ಅನುಮಾನ. ಕಾವುಪೆಟ್ಟಿಗೆಯಲ್ಲಿ ತಟ್ಟೆಗಳು ಸಿದ್ಧವಿದ್ದವು, ಬರುವ ವಾರ ಪ್ರಯೋಗ. ಅದೇ ಹೊತ್ತಿಗೆ ಮಾವನ ಕಣ್ಣು ಹೋಗುತ್ತಿತ್ತು. ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಿನಲ್ಲಿ ನಟ್ಟನಡುವೆ ಒಂದು ಕಪ್ಪು ಕಲೆ ಕೂತು ದಿನದಿನಕ್ಕೆ ದೊಡ್ಡದಾಗುತ್ತಿತ್ತು. ಏನನ್ನಾದರೂ ನೋಡಬೇಕೆಂದರೆ ಕೋಳಿಯ ಹಾಗೆ ತಲೆ ಓರೆ ಮಾಡಿ ನೋಡುತ್ತಿದ್ದ. ಕಣ್ಣಿನ ಡಾಕ್ಟರು ಚುಚ್ಚುಮದ್ದು ಕೊಡುತ್ತಲೇ ಇದ್ದರು, ಭರವಸೆ ಮಾತ್ರ ಕೊಟ್ಟಿರಲಿಲ್ಲ.

"ಬರೋ ವಾರ ಮಾವ," ಅಂದೆ ನಾನು, ಬಾಗಿಲಲ್ಲಿ ಬೂಟು ಬಿಚ್ಚುತ್ತ. ಅವನು ತಲೆ ಓರೆ ಮಾಡಿ ನನ್ನ ಭುಜದಾಚೆ ನೋಡಿದ. "ಬರೋ ವಾರದವರೆಗೂ ಈ ಕಣ್ಣು ಬಾಡಿಗೆ ಕೊಟ್ಟಿದೆ, ಪರವಾಗಿಲ್ಲ."

ಅವತ್ತು ದೆಸಾಂಕಾ ಅತ್ತೆಯ ಬಲಗೈಗೆ ಪ್ಲಾಸ್ಟರ್. ಅಂಗಳದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಕೊಲಾಚಿಗೆ ಹಿಟ್ಟು ನಾದುವವರಿಲ್ಲ. ಅಂಗಡಿಯ ರೊಟ್ಟಿ ತರುತ್ತೇನೆಂದು ಮಾವ ಬಾಯಿ ತಪ್ಪಿ ಹೇಳಿಬಿಟ್ಟಿದ್ದ, ಅತ್ತೆ ಮುಖ ತಿರುಗಿಸಿ ಕೂತಿದ್ದಳು. ಆಗ ನಮ್ಮ ರೆಲ್ಯಾ ಸ್ವೆಟರಿನ ತೋಳು ಮೇಲೇರಿಸಿದ. ರೆಲ್ಯಾ ನನ್ನ ಸಹೋದ್ಯೋಗಿ, ನನಗಿಂತ ಹತ್ತು ವರ್ಷ ಚಿಕ್ಕವನು, ಕೋಶಗಳಿಗೆ ಉಣಿಸುವುದರಲ್ಲಿ ನನಗಿಂತ ಒಳ್ಳೆಯ ಕೈ.

"ನನ್ನಜ್ಜಿ ನನಗೆ ನಾದೋದು ಕಲ್ಸಿದಾಳೆ ಅತ್ತೆ."

"ಗಂಡಸಿನ ಕೈಯ ಕೊಲಾಚಾ? ಸಂತ ಏನಂದ್ಕೊಂಡಾನು?"

"ಸಂತನೂ ಗಂಡಸೇ ಅಲ್ವಾ," ಅಂದ ಮಾವ.

ರೆಲ್ಯಾ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ನಾದಿದ. ಅತ್ತೆ ಪಕ್ಕದಲ್ಲಿ ನಿಂತು ತಪ್ಪು ಹುಡುಕಲು ನೋಡಿ ಸೋತಳು. ರೊಟ್ಟಿ ಉಬ್ಬಿ ಒಲೆಯ ಬಾಯಿಗೆ ತಾಕುವಷ್ಟಾಯಿತು. ಅಂಥ ಕೊಲಾಚ್ ಆ ಮನೆಯಲ್ಲಿ ಎಂದೂ ಆಗಿರಲಿಲ್ಲವೆಂದು ಪಾದ್ರಿಯೂ ಹೇಳಿದರು. ರೆಲ್ಯಾನ ಮುಖ ರೊಟ್ಟಿಗಿಂತ ಹೆಚ್ಚು ಉಬ್ಬಿತ್ತು.

ಮರುದಿನ ಬೆಳಿಗ್ಗೆ ಅವನೇ ಹೋಗಿ ಕೋಶಗಳಿಗೆ ಉಣಿಸಿದ. ಕೈ ತೊಳೆದಿದ್ದ, ಕೈಗವಸು ಹಾಕಿದ್ದ, ಎಲ್ಲ ಸರಿ. ಸ್ವೆಟರ್ ಮಾತ್ರ ಹಿಂದಿನ ದಿನದ್ದೇ. ಅದರ ತೋಳಿನ ಹೆಣಿಗೆಯೊಳಗೆ ಒಣಗಿದ ಹಿಟ್ಟು ಕೂತಿತ್ತು.

ಅದರ ಮರುದಿನ ನಾನು ಕಾವುಪೆಟ್ಟಿಗೆಯ ಬಾಗಿಲು ತೆರೆದೆ. ಬೇಕರಿಯ ವಾಸನೆ. ಮೊದಲು ಹಸಿವಾಯಿತು, ಆಮೇಲೆ ತಟ್ಟೆಗಳನ್ನು ಬೆಳಕಿಗೆ ಹಿಡಿದೆ. ತಿಳಿಯಾಗಿರಬೇಕಾದ ದ್ರವವೆಲ್ಲ ಮಜ್ಜಿಗೆಯಂತೆ ಕದಡಿಹೋಗಿತ್ತು. ಮೈಕ್ರೋಸ್ಕೋಪಿನಡಿ ನೋಡಿದರೆ ಮಾವನ ಕೋಶಗಳ ಮೇಲೆಲ್ಲ ಸಣ್ಣಸಣ್ಣ ಹೊಳೆಯುವ ಮಣಿಗಳು, ಸರಗಟ್ಟಿ, ಮರಿಹಾಕುತ್ತ. ಯೀಸ್ಟು, ರೊಟ್ಟಿ ಉಬ್ಬಿಸುವ ಹುದುಗು. ಬಾಡಿಗೆದಾರ ಅದರಡಿ ಮುದುಡಿ ಸಾಯುತ್ತಿದ್ದ.

ರೆಲ್ಯಾ ಬಂದು ಇಣುಕಿದ. ತನ್ನ ತೋಳು ನೋಡಿಕೊಂಡ. ಸ್ವೆಟರ್ ಬಿಚ್ಚಿ ಕಸದ ಚೀಲಕ್ಕೆ ತುರುಕಿದ. ಇಬ್ಬರೂ ಸೇರಿ ಇದ್ದಬದ್ದ ತಟ್ಟೆ, ಸೀಸೆಗಳಿಗೆಲ್ಲ ಬ್ಲೀಚ್ ಸುರಿದು ತೊಳೆದೆವು. ಪೆಟ್ಟಿಗೆಯ ಮೂಲೆಮೂಲೆ ಉಜ್ಜಿದೆವು.

ಇನ್ನು ಉಳಿದದ್ದು ದ್ರವ ಸಾರಜನಕದ ತೊಟ್ಟಿಯಲ್ಲಿ ಹೆಪ್ಪುಗಟ್ಟಿಸಿಟ್ಟಿದ್ದ ಮಾವನ ಕೋಶಗಳ ಎರಡು ಪುಟ್ಟ ಕೊಳವೆ, ಪ್ರೊಫೆಸರ್ ಕಾಲದವು. ಮೊದಲನೆಯದನ್ನು ಕರಗಿಸಿ ತಟ್ಟೆಗೆ ಹಾಕಿದೆವು. ಎಚ್ಚರವಾಗಲೇ ಇಲ್ಲ. ಎಲ್ಲ ತೇಲಿಕೊಂಡು ಸತ್ತಿದ್ದವು.

ಅದೇ ವಾರ ದೆಸಾಂಕಾ ಅತ್ತೆಯ ಫೋನು. "ವಿದಾ, ಅವನಿಗೆ ಈಗ ನನ್ನ ಮುಖ ಕಾಣಲ್ಲ. ಮುಖದ ಜಾಗದಲ್ಲಿ ಹೊಗೆಯಂತೆ. ಕಿವಿ ಕಾಣುತ್ತಂತೆ. ಇಷ್ಟು ವರ್ಷ ಸಂಸಾರ ಮಾಡಿ, ಈಗ ನನ್ನ ಕಿವಿ ಚೆನ್ನಾಗಿದೆ ಅಂತಾನೆ." ನಕ್ಕಳು. ಆಮೇಲೆ ನಗು ನಿಲ್ಲಿಸಿ, "ತೋರ್ಸೋದಿದ್ರೆ ಬೇಗ ತೋರ್ಸು ಮಗಾ," ಅಂದಳು.

ರೆಲ್ಯಾ ಅದನ್ನು ಕೇಳಿಸಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ. "ಅಕ್ಕಾ, ಒಂದು ಮಾತು ಹೇಳ್ಲಾ? ಬೈಬೇಡ. ಕೆಳಗಿನ ಮಹಡಿಯವರ ಹತ್ರ ಲಿವರ್ ಕ್ಯಾನ್ಸರ್ ಕೋಶ ಇದಾವೆ, ಎಲ್ಲ ಕಡೆ ಸಿಗೋವು. ಅದರಲ್ಲಿ ಈ ಜೀನ್ ಬಾಯಿ ಮುಚ್ಚಿಸೋದು ಸುಲಭ. ಒಂದು ವಾರದಲ್ಲಿ ಮಾಡಿ ತೋರಿಸ್ಬಿಡೋಣ. ಮಾವನಿಗೇನು ಗೊತ್ತಾಗುತ್ತೆ? ಕಾಣೋದೇ ಅಷ್ಟು. ನೋಡಿ ಖುಷಿ ಪಡ್ತಾನೆ. ನಂದೂ ಪಾಪ ಕಳೆಯುತ್ತೆ."

ನನಗೆ ಬೈಯಲಾಗಲಿಲ್ಲ. ಮನೆಯಲ್ಲಿ ಸಣ್ಣವನಿಗೆ ಜ್ವರ, ಮಗಳು ಇಸ್ಕ್ರಾಳ ಶಾಲೆಯಿಂದ ಎರಡು ಸಲ ಕರೆ ಬಂದಿತ್ತು, ಮತ್ತೊಂದು ಕೊಳವೆ ಎಚ್ಚರವಾದರೂ ಬೆಳೆಯಲು ತಿಂಗಳುಗಳು ಬೇಕು. ಅಷ್ಟರಲ್ಲಿ ಆ ಬಲಗಣ್ಣು? ರೆಲ್ಯಾ ಹೇಳಿದ್ದು ದಯೆಯ ಮಾತೇ. ಆದರೆ ಮಾವ ಕೇಳಿದ್ದು ಅದನ್ನಲ್ಲ. ನಂದೇ ಅಂದಿದ್ದ. ನಾನು ಆ ಮಂಚದ ಹತ್ತಿರವೇ ನಿಂತಿದ್ದೆ.

"ಅವನನ್ನೇ ಕೇಳೋಣ," ಅಂದೆ.

ಶನಿವಾರ ರೆಲ್ಯಾನ ಹಳೇ ಕಾರಿನಲ್ಲಿ ಹೋದೆವು. ಮಾವ ಒಲೆಯ ಪಕ್ಕ ಕೂತು ದ್ರಾಕ್ಷಿಬಳ್ಳಿ ಸವರುವ ಕತ್ತರಿಯನ್ನು ಕೈಯಂದಾಜಿನಲ್ಲೇ ಮಸೆಯುತ್ತಿದ್ದ. ನಾನು ಎಲ್ಲ ಹೇಳಿದೆ. ರೆಲ್ಯಾ ತಲೆ ತಗ್ಗಿಸಿ ನಿಂತಿದ್ದ. ಹೇಳಿ ಮುಗಿಸುವಷ್ಟರಲ್ಲಿ ಮಾವನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆಂದುಕೊಂಡೆ. ನಗುತ್ತಿದ್ದ.

"ಏ ದೆಸಾಂಕಾ, ಬಾ ಇಲ್ಲಿ! ಇಷ್ಟು ವರ್ಷ ಈ ಓದಿದೋರ ಕೈಲಾಗದ್ದನ್ನ ನಮ್ಮನೆ ಹಿಟ್ಟು ಮಾಡಿ ಮುಗಿಸಿದೆ! ಬಾಡಿಗೆದಾರ ಕೊಲಾಚ್ ತಿಂದು ಸತ್ತ!"

"ಸಂತನಿಗೆ ಗಂಡಸಿನ ಕೈ ಹಿಡಿಸ್ಲಿಲ್ಲ ಅಂತ ನಾನು ಅವತ್ತೇ ಹೇಳಿದ್ದೆ," ಅಂದಳು ಅತ್ತೆ.

"ಮಾವ, ನನ್ನ ಕ್ಷಮಿಸ್ಬೇಕು," ಅಂದ ರೆಲ್ಯಾ.

"ಯಾಕೋ? ಅಂಥ ರೊಟ್ಟಿ ನಾನು ಜನ್ಮದಲ್ಲಿ ತಿಂದಿಲ್ಲ."

ಆಗ ನಾನು ಕೆಳಗಿನ ಮಹಡಿಯ ಕೋಶಗಳ ವಿಷಯ ತೆಗೆದೆ. ಬೇಗ ಆಗುತ್ತದೆ, ಕಣ್ಣು ಇರುವಾಗಲೇ ತೋರಿಸಬಹುದು, ಆದರೆ ಅದು ನಿಮ್ಮದಲ್ಲ. ಇನ್ನೊಂದು ದಾರಿ, ಕೊನೆಯ ಕೊಳವೆ; ಅದು ಎದ್ದರೆ ಎದ್ದೀತು, ಎದ್ದರೂ ನಿಮ್ಮ ಕಣ್ಣು ಕಾಯುತ್ತದೋ ಇಲ್ಲವೋ.

ಮಾವ ಕತ್ತರಿ ಕೆಳಗಿಟ್ಟ. ನಗು ಹೋಗಿತ್ತು. "ಪಕ್ಕದ ಮನೆಯವನ ನಾಯಿ ಬೊಗಳೋದು ನಿಲ್ಸಿದ್ರೆ ನನಗೇನು ಮಗಾ? ನನ್ನ ಕಚ್ಚಿದ್ದು ಬಾಲ ಮಡಚಿ ಕೂತದ್ದನ್ನ ನಾನು ನೋಡ್ಬೇಕು. ರಾತ್ರಿ ಮಲಗಿದ್ರೆ ಈಗಲೂ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ನೋಡ್ಕೋತೀನಿ, ಮತ್ತೆ ಬಂದಿದೆಯಾ ಅಂತ. ಇವಳಿಗೂ ಹೇಳಿಲ್ಲ ಅದನ್ನ."

"ಗೊತ್ತು," ಅಂದಳು ಅತ್ತೆ.

"ಕಾಯ್ತೀನಿ," ಅಂದ ಮಾವ.

ಕೊನೆಯ ಕೊಳವೆಯನ್ನು ರೆಲ್ಯಾ ಕರಗಿಸಿದ. ನಾನು ಮಾಡುತ್ತೇನೆಂದರೂ ಬಿಡಲಿಲ್ಲ. ಉಗುರನ್ನು ಬೇರಿನವರೆಗೆ ಕತ್ತರಿಸಿಕೊಂಡಿದ್ದ, ಮನೆಯಲ್ಲಿ ರೊಟ್ಟಿ ಮುಟ್ಟುವುದನ್ನೇ ಬಿಟ್ಟಿದ್ದ. "ಹಿಟ್ಟು ನಾದಿದವರಿಗೆ ಪ್ರವೇಶವಿಲ್ಲ" ಎಂದು ಬರೆದು ಬಾಗಿಲಿಗೆ ಅಂಟಿಸಿದ್ದ. ಮರುದಿನ ನೋಡಿದರೆ ಬಹುಪಾಲು ತೇಲುತ್ತಿದ್ದವು. ಆದರೆ ತಟ್ಟೆಯ ಒಂದು ಮೂಲೆಯಲ್ಲಿ ಕೆಲವು ನೆಲ ಹಿಡಿದಿದ್ದವು. ಕಾಲು ಚಾಚಿದ್ದವು.

"ಬಾಡಿಗೆದಾರ ಎದ್ದ ಅಕ್ಕಾ," ಅಂದ ರೆಲ್ಯಾ ಪಿಸುಮಾತಿನಲ್ಲಿ.

ಒಬ್ಬನನ್ನು ಕೊಲ್ಲಲು ಹೊರಟಿದ್ದ ಕ್ಯಾನ್ಸರ್ ಬದುಕಿತೆಂದು ಇಬ್ಬರು ತಬ್ಬಿಕೊಂಡು ಕುಣಿದದ್ದನ್ನು ಯಾರಾದರೂ ನೋಡಿದ್ದರೆ ಏನಂದುಕೊಳ್ಳುತ್ತಿದ್ದರೋ.

ಆ ಚಳಿಗಾಲ ಪೂರ್ತಿ ಸಾಕಿದೆವು. ಭಾನುವಾರಗಳಲ್ಲಿ ಇಸ್ಕ್ರಾಳನ್ನೂ ಕರೆದುಕೊಂಡು ಹೋಗುತ್ತಿದ್ದೆ. ಅವಳು ಹೊರಗಿನ ಮೊಗಸಾಲೆಯಲ್ಲಿ ಚಿತ್ರ ಬರೆಯುತ್ತ ಕೂರುತ್ತಿದ್ದಳು. "ಅಮ್ಮಾ, ಇವತ್ತು ಅವು ಊಟ ಮಾಡಿದ್ವಾ?" ಅನ್ನುತ್ತಿದ್ದಳು. "ಮಾಡಿದ್ವು." "ಹಟ ಮಾಡ್ದೆ?" "ನಿನ್ನ ತಮ್ಮನಿಗಿಂತ ವಾಸಿ."

ಫೆಬ್ರವರಿಯಲ್ಲಿ, ದ್ರಾಕ್ಷಿತೋಟ ಕಾಯುವ ಸಂತ ಟ್ರಿಫುನನ ದಿನ, ಊರಿನ ಗಂಡಸರು ಬಳ್ಳಿ ಸವರಿ, ಕತ್ತರಿಸಿದ ಜಾಗಕ್ಕೆ ವೈನ್ ಎರೆದು ಬಂದ ಮೇಲೆ, ನಮ್ಮ ತಟ್ಟೆಗಳು ತುಂಬಿದವು. ಕೊಬ್ಬಿನ ಸಣ್ಣ ಹನಿಗಳಲ್ಲಿ ಸುತ್ತಿದ ಆರ್‌ಎನ್‌ಎ ತುಣುಕುಗಳನ್ನು ಕೋಶಗಳಿಗೆ ಕೊಟ್ಟೆವು. ಒಂದು ತಟ್ಟೆಗೆ ಯಾವ ಚೀಟಿಯನ್ನೂ ಹರಿಯದ ಅರ್ಥವಿಲ್ಲದ ತುಣುಕು. ಎರಡನೆಯದಕ್ಕೆ ಆ ಜೀನಿನ ಚೀಟಿ ಹರಿಯುವ ತುಣುಕು. ಮೂರನೆಯದಕ್ಕೂ ಅದೇ ಚೀಟಿಯನ್ನು ಇನ್ನೊಂದು ಜಾಗದಲ್ಲಿ ಹರಿಯುವ ಬೇರೆ ತುಣುಕು. ಎರಡೂ ಒಂದೇ ಉತ್ತರ ಕೊಟ್ಟರೆ ಮಾತ್ರ ನಂಬು ಎಂದು ಪ್ರೊಫೆಸರ್ ಕಲಿಸಿದ್ದರು. ಆಮೇಲೆ ಮೂರರಲ್ಲೂ ಕೋಶಗಳ ಹಾಸಿನ ನಡುವೆ ಪಿಪೆಟ್ಟಿನ ತುದಿಯಿಂದ ಒಂದು ಗೆರೆ ಎಳೆದು ದಾರಿ ಮಾಡಿದೆವು. ಹಬ್ಬುವ ಶಕ್ತಿಯಿದ್ದರೆ ಕೋಶಗಳು ಆ ದಾರಿಯನ್ನು ಮುಚ್ಚಿಬಿಡುತ್ತವೆ.

ಒಂದು ಸಲ ಮಾಡಿ ನಾವೇ ನೋಡಿದೆವು. ಚೀಟಿ ನಿಜಕ್ಕೂ ಹರಿದಿದೆಯೇ ಎಂದು ಅಳೆದೆವು. ಇನ್ನೊಂದು ಸಲ ಮಾಡಿದೆವು. ಎರಡು ಸಲವೂ ಎರಡು ತುಣುಕುಗಳ ಉತ್ತರ ಒಂದೇ. ಮೂರನೇ ಸಲಕ್ಕೆ ನಾನು ಫೋನು ಮಾಡಿದೆ.

ಮಾವ ಮದುವೆಯ ಕೋಟು ಹಾಕಿಕೊಂಡು ಬಂದ. ತಲೆಗೆ ಹ್ಯಾಟು, ಕಂಕುಳಲ್ಲಿ ವೈನ್ ಬಾಟಲಿ, ಇನ್ನೊಂದು ಕಡೆ ಅತ್ತೆಯ ತೋಳು. ಮೆಟ್ಟಿಲನ್ನು ಕಾಲಿನಿಂದ ತಡವಿ ತಡವಿ ಹತ್ತುವುದನ್ನು ನೋಡಿ ನನಗೆ ಹೆದರಿಕೆಯಾಯಿತು. ತಡವಾಯಿತೇನೋ. ಕೋಶಗಳ ಕೋಣೆಗೆ ಹೊರಗಿನವರು ಹೋಗುವಂತಿಲ್ಲ, ಪಕ್ಕದ ಕೋಣೆಯ ದೊಡ್ಡ ಪರದೆಯೆದುರು ಕೂರಿಸಿದೆವು. ರೆಲ್ಯಾ ಒಳಗಿನಿಂದ ತಟ್ಟೆ ಜೋಡಿಸಿದ.

"ಮೊದಲು ಇದು ಮಾವ. ನಿಮ್ಮದೇ. ಇದಕ್ಕೆ ಬರೀ ಅರ್ಥವಿಲ್ಲದ ತುಣುಕು. ನಿನ್ನೆ ಇಲ್ಲೊಂದು ದಾರಿ ಮಾಡಿದ್ವಿ."

ಮಾವ ತಲೆಯನ್ನು ಆ ಕಡೆ ಓರೆ ಮಾಡಿದ, ಈ ಕಡೆ ಓರೆ ಮಾಡಿದ. "ಎಲ್ಲಿದೆ ದಾರಿ? ಪೂರ್ತಿ ಒಂದೇ ಸಮ ಇದೆ."

"ಅದು ಮುಚ್ಚಿಹೋಗಿದೆ."

"ಒಂದೇ ದಿನದಲ್ಲಾ?" ಕೈ ತಾನಾಗಿ ಪಕ್ಕೆಲುಬಿನ ಕೆಳಗೆ ಹೋಯಿತು. "ಇಂಥದ್ದು ನನ್ನೊಳಗಿತ್ತಾ?"

ಅತ್ತೆ ಅವನ ಹೆಗಲ ಮೇಲೆ ಕೈಯಿಟ್ಟಳು.

"ಈಗ ಬಾಯಿ ಮುಚ್ಚಿಸಿದ್ದು," ಅಂದೆ. ಪರದೆ ಬದಲಾಯಿತು. ಎರಡೂ ಕಡೆ ಕೋಶಗಳು, ನಡುವೆ ಉದ್ದಕ್ಕೂ ಖಾಲಿ ದಾರಿ. ನನಗೆ ಕಾಣುತ್ತಿತ್ತು. ಅವನಿಗೆ?

ಮಾವ ತಲೆ ಓರೆ ಮಾಡಿದ. ಇನ್ನಷ್ಟು ಓರೆ ಮಾಡಿದ, ಕಿವಿ ಹೆಗಲಿಗೆ ತಾಕುವಷ್ಟು. ಕುರ್ಚಿಯನ್ನು ಪಕ್ಕಕ್ಕೆ ಸರಿಸಿದ. ರೆಲ್ಯಾ ಒಳಗಿನಿಂದ ಗಾಜಿಗೆ ಮೂಗೊತ್ತಿ ನಿಂತಿದ್ದ. ಆಮೇಲೆ ಮಾವ ಬೆರಳೆತ್ತಿ ಪರದೆಗೆ ತಾಗಿಸಿ, ಮೇಲಿನಿಂದ ಕೆಳಗೆ ನಿಧಾನವಾಗಿ ಎಳೆಯತೊಡಗಿದ. ನಡುವೆ ಒಂದು ಕಡೆ ಬೆರಳು ಸ್ವಲ್ಪ ಎಡಕ್ಕೆ ಹೊರಳಿತು. ಮತ್ತೆ ನೇರವಾಯಿತು.

"ಸಾಲು ಸೊಟ್ಟ ಇದೆ," ಅಂದ. "ಯಾರು ಹೊಡೆದದ್ದು?"

ದಾರಿ ಅಲ್ಲಿ ನಿಜಕ್ಕೂ ಎಡಕ್ಕೆ ಹೊರಳಿತ್ತು.

"ರೆಲ್ಯಾ," ಅಂದೆ.

"ಹಿಟ್ಟು ನಾದೋಕೆ ಸೈ. ಉಳೋಕೆ ಬರಲ್ಲ ಅವನಿಗೆ." ಬೆರಳನ್ನು ಇನ್ನೂ ತೆಗೆದಿರಲಿಲ್ಲ. "ಇನ್ನು ಮುಂದೆಯೂ ಹೀಗೇ ಸುಮ್ಮನಿರುತ್ತಾ?"

"ಇಲ್ಲ ಮಾವ. ಕೆಲವು ದಿನ. ತುಣುಕು ಮುಗಿದ ಮೇಲೆ ಮತ್ತೆ ಚೀಟಿ ಕಳಿಸುತ್ತೆ. ಇದು ತಟ್ಟೆಯೊಳಗಿನ ಮಾತು, ಔಷಧ ಅಲ್ಲ. ಅದು ಇನ್ನೂ ದೂರ."

"ಎಷ್ಟು ದೂರ? ಬೆಲ್‌ಗ್ರೇಡಿನಷ್ಟಾ?"

"ಅದಕ್ಕಿಂತ ದೂರ."

"ಸರಿ, ನಡೀತಾ ಇರಿ." ಪರದೆಯ ಕಡೆ ಬಾಗಿ, ಬಾಡಿಗೆದಾರನಿಗೇ ಹೇಳುವವನ ಹಾಗೆ, "ಈಗ ಕೂತ್ಕೋ ಸುಮ್ನೆ," ಅಂದ. ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡು ಇನ್ನೂ ಬಹಳ ಹೊತ್ತು ನೋಡುತ್ತ ಕೂತ. ಪಕ್ಕೆಲುಬಿನ ಕೆಳಗಿದ್ದ ಕೈ ಯಾವಾಗಲೋ ಇಳಿದು ಅತ್ತೆಯ ಕೈ ಹಿಡಿದಿತ್ತು.

ವೈನನ್ನು ಮೊಗಸಾಲೆಯಲ್ಲಿ, ಚಹಾದ ಲೋಟಗಳಲ್ಲಿ ಕುಡಿದೆವು. ಮಾವ ಖಾಲಿ ಲೋಟ ಮೂಸಿದ. ನಾನು ಸಮುದ್ರದ ದಂಡೆಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. "ಝಾಗೋರ್ಕಾ?" ಅಂದ ಅವನು. "ನೋಡಿದೆ."

ಪ್ರೊಫೆಸರ್ ಕೊಟ್ಟಿದ್ದ ಮಾತು ನಡೆಯಿತು.